ಬೈಪಾಸ್ ಆದ ಮೇಲಿನ ಪಾಳಿ

ಕುಣಿಮಗ್ಗದಲ್ಲಿ ಕೂತ ನೇಕಾರ ಮೇಲೇಳುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಕಾಲಿನ ಕೆಲಸವಲ್ಲ, ಕೈಯ ಕೆಲಸ. ಕಾಲೆರಡೂ ಕುಣಿಯೊಳಗೆ ಇಳಿಬಿದ್ದಿರುತ್ತವೆ. ಕೂತ ಜಾಗ ಹೆಚ್ಚುಕಡಿಮೆ ನೆಲಕ್ಕೆ ಸಮ. ಏನಾದರೂ ಹಿಡಿದು ಏಳೋಣವೆಂದರೆ ಮುಂದಿರುವುದು ಬಿಗಿದ ಹಾಸು, ಅದರ ಮೇಲೆ ಕೈ ಊರುವಂತಿಲ್ಲ. ಹಾಗಾಗಿ ಎರಡೂ ಅಂಗೈಗಳನ್ನು ಅಕ್ಕಪಕ್ಕದ ನೆಲಕ್ಕೆ ಒತ್ತಿ, ಮೈಭಾರವನ್ನೆಲ್ಲ ತೋಳಿಗೆ ಕೊಟ್ಟು, ಒಂದೇ ದಮ್ಮಿಗೆ ಮೇಲೆ ಬರಬೇಕು. ದಿನವೂ ಹೀಗೆ ಹತ್ತಾರು ಸಲ ಎದ್ದು ಕೂತವರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದ ಮೊದಲ ವಾರಗಳಲ್ಲಿ ಮಾಡಲೇಬಾರದ ಕೆಲಸಗಳ ಪೈಕಿ ಇದೇ ಮೊದಲನೆಯದು.

ಆಸ್ಪತ್ರೆಯಲ್ಲಿ ಹೇಳಿ ಕಳಿಸುತ್ತಾರೆ: ಮಂಚದಿಂದ ಏಳುವಾಗ ಕೈ ಊರಬೇಡಿ, ಮಗ್ಗುಲಾಗಿ ಹೊರಳಿ ಕಾಲು ಇಳಿಬಿಡಿ, ಆಮೇಲೆ ಏಳಿ. ಮಂಚದ ಬಗ್ಗೆ ಹೇಳುತ್ತಾರೆ. ಮಗ್ಗದ ಕುಣಿಯ ಬಗ್ಗೆ ಹೇಳುವವರು ಯಾರು?

ಬಾಗಲಕೋಟೆ ಜಿಲ್ಲೆಯ ನೇಕಾರರ ಊರುಗಳಾದ ರಬಕವಿ, ಬನಹಟ್ಟಿ, ರಾಮಪುರ, ಹೊಸೂರುಗಳಲ್ಲಿ ಬದುಕು ನಡೆದಿರುವುದು ತೋಳಿನ ಮೇಲೆ. ಪವರ್‌ಲೂಮುಗಳ ಖಟಪಟ ಹಗಲೂ ರಾತ್ರಿ ಓಣಿಗಳನ್ನು ತುಂಬಿದ್ದರೂ ಕೈಮಗ್ಗ ಇನ್ನೂ ನಿಂತಿಲ್ಲ. ಊರಿನ ಇನ್ನೊಂದು ಬದಿಗೆ ಕೃಷ್ಣೆ. ರಬಕವಿಯ ದಂಡೆಯಿಂದ ಆಚೆ ಅಥಣಿ ಸೀಮೆಯ ಮಹಿಷವಾಡಗಿಗೆ ಬೋಟಿನಲ್ಲಿ ದಾಟುವುದು ಇಲ್ಲಿನ ಹಳೆಯ ರೂಢಿ; ಸೇತುವೆಗಾಗಿ ಎರಡೂ ದಂಡೆಯ ಜನ ವರ್ಷಗಟ್ಟಲೆ ಕಾದಿದ್ದಾರೆ. ಕೆಳಗೆ ಬೀಳಗಿ ಕಡೆ ಹೋದರೆ ಆಲಮಟ್ಟಿಯ ಹಿನ್ನೀರು, ಅಲ್ಲಿ ಬಲೆ ಹಿಡಿದು ನೀರಿಗಿಳಿಯುವ ಮೀನುಗಾರರು. ನೇಕಾರನಿಗಾಗಲಿ, ಬೋಟಿನವನಿಗಾಗಲಿ, ಮೀನುಗಾರನಿಗಾಗಲಿ ಎದೆ ಕೊಯ್ಯಿಸಿಕೊಂಡ ಮೇಲೆ ಏಳುವ ಪ್ರಶ್ನೆ ಒಂದೇ. ಮತ್ತೆ ಕೆಲಸಕ್ಕೆ ಹೋಗಬಹುದೇ? ಹೋಗುವುದಾದರೆ ಯಾವಾಗ, ಹೇಗೆ?

ಇದಕ್ಕೆ ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಎರಡರಲ್ಲಿ ಒಂದು. ಕೈಯಲ್ಲಿ ನಾಲ್ಕು ಕಾಸಿದ್ದರೆ, ದುಡಿಯುವ ಮಗನಿದ್ದರೆ, "ಎಷ್ಟ ದುಡಿದಿ, ಇನ್ನ ಸಾಕ ಬಿಡಪಾ, ಆರಾಮ ಕೂಡು" ಎಂದು ಕಟ್ಟೆಯ ಮೇಲೆ ಕೂರಿಸಿಬಿಡುತ್ತಾರೆ. 55 ವರ್ಷದ ಮನುಷ್ಯ ಅಲ್ಲಿಂದ ಮುಂದೆ ಕಾಯಿಲೆಯವನಾಗಿಯೇ ಉಳಿಯುತ್ತಾನೆ. ಕಾಸಿಲ್ಲದ ಮನೆಯಲ್ಲಿ ಹಾಗೆ ಕೂರುವಂತಿಲ್ಲ. ನೇಯ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಅಲ್ಲಿ ನಾಲ್ಕನೇ ವಾರಕ್ಕೇ ಮಗ್ಗ ಹತ್ತಿದವರುಂಟು. ಒಬ್ಬರಿಗೆ ಭಯ, ಇನ್ನೊಬ್ಬರಿಗೆ ಬಡತನ. ಎರಡೂ ಕಡೆ ಕಾಣೆಯಾಗಿರುವುದು ದಾರಿ ತೋರುವ ಒಬ್ಬ ಮನುಷ್ಯ.

ಹೊರಗಿನ ಜಗತ್ತಿನಲ್ಲಿ ಈ ಪ್ರಶ್ನೆಯನ್ನು ಬಹಳ ಗಟ್ಟಿಯಾಗಿ ಕೇಳಿದವರಲ್ಲಿ ಹಾಯಿದೋಣಿಯವರೂ ಇದ್ದಾರೆ. ಸಮುದ್ರದ ಗಾಳಿಗೆ ಹಾಯಿ ಬಿಚ್ಚಿ ಹೋಗುವವರಿಗೆ ಅದು ಬರೀ ಆಟವಲ್ಲ, ಒಮ್ಮೆ ಹತ್ತಿಸಿಕೊಂಡರೆ ಬಿಡದ ಗೀಳು. ಅಮೆರಿಕದ ಟಿ.ವಿ. ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ಅಂಥವರಲ್ಲಿ ಒಬ್ಬರು. ಕೆನಡಿ ಹತ್ಯೆಯ ಸುದ್ದಿಯನ್ನೂ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಸುದ್ದಿಯನ್ನೂ ಆ ದೇಶಕ್ಕೆ ಮುಟ್ಟಿಸಿದ ದನಿ ಅವರದು. 1997ರಲ್ಲಿ, 80ರ ವಯಸ್ಸಿನಲ್ಲಿ, ಅವರ ಹೃದಯಕ್ಕೆ ನಾಲ್ಕು ಬೈಪಾಸ್ ಹಾಕಲಾಯಿತು. ಮರುವರ್ಷದ ಆಗಸ್ಟಿನಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ಅವರ ‘ವಿಂಟ್ಯೆ’ ದೋಣಿ ಮತ್ತೆ ನೀರಿನಲ್ಲಿತ್ತು. ಅವತ್ತು ಅದರಲ್ಲಿ ಅತಿಥಿಗಳಾಗಿದ್ದವರು ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ಅವರ ಕುಟುಂಬ. ಹಗರಣದಲ್ಲಿ ಸಿಲುಕಿದ್ದ ಕ್ಲಿಂಟನ್ ಆಗ ತಮ್ಮ ಜೀವನದ ಅತ್ಯಂತ ಕೆಟ್ಟ ದಿನಗಳಲ್ಲಿದ್ದರು. ಮುದುಕ ಸ್ನೇಹಿತ ಗಾಳಿಗೆ ಕರೆದೊಯ್ದಿದ್ದ. ಆರು ವರ್ಷದ ನಂತರ, 2004ರ ಸೆಪ್ಟೆಂಬರಿನಲ್ಲಿ, ಅದೇ ಕ್ಲಿಂಟನ್ ಅವರಿಗೂ ನಾಲ್ಕು ಬೈಪಾಸ್ ಆಯಿತು. ಕ್ರಾಂಕೈಟ್ ತೀರಿಕೊಂಡಿದ್ದು 2009ರಲ್ಲಿ, 92 ವರ್ಷ ತುಂಬಿದ ಮೇಲೆ.

ಇಂಥ ಕಥೆ ಕೇಳಿದಾಗ "ಅವರು ದೊಡ್ಡವರು, ಅವರಿಗೇನು" ಎನಿಸುವುದು ಸಹಜ. ದೋಣಿಯಲ್ಲಿ ಕೈಯಾಳುಗಳಿದ್ದರು, ಮನೆಬಾಗಿಲಿಗೆ ಡಾಕ್ಟರು ಬರುತ್ತಿದ್ದರು. ನಿಜ. ಆದರೆ ಮಗ್ಗಕ್ಕೂ ಹಾಯಿಗೂ ಒಂದೇ ಎದೆಮೂಳೆ, ಅದು ಕೂಡಿಕೊಳ್ಳುವ ರೀತಿಯೂ ಒಂದೇ.

ಬೈಪಾಸ್ ಎಂದರೇನೆಂದು ರಬಕವಿಯವರಿಗೆ ವಿವರಿಸುವುದು ಸುಲಭ. ಹಾಸಿನಲ್ಲಿ ಎಳೆ ಕಡಿದರೆ ನೇಕಾರ ಬೇರೆ ನೂಲು ತಂದು ಆಚೆ ಈಚೆ ಗಂಟು ಹಾಕಿ ನೇಯ್ಗೆ ಮುಂದುವರಿಸುವಂತೆ, ಇಲ್ಲಿ ಕಾಲಿನ ರಕ್ತನಾಳವನ್ನೋ ಎದೆಯ ಒಳಗೋಡೆಯ ಅಪಧಮನಿಯನ್ನೋ ತಂದು, ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡ ಜಾಗವನ್ನು ಬಳಸಿ ಹೋಗುವಂತೆ ಹೊಲಿಯುತ್ತಾರೆ. ಹೊಲಿಯುವ ದಾರ ತಲೆಕೂದಲಿಗಿಂತ ಸಣ್ಣದು. ಕಾಲಿನ ನಾಳ ಬಳಸುವ ಈ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೂಢಿಗೆ ತಂದವರು ಅರ್ಜೆಂಟೀನಾದ ರೆನೆ ಫವಲೋರೊ. ಅಪ್ಪ ಬಡಗಿ, ಅವ್ವ ಬಟ್ಟೆ ಹೊಲಿಯುವವಳು. ಕ್ಲೀವ್‌ಲ್ಯಾಂಡಿಗೆ ಹೋಗುವ ಮೊದಲು ಸುಮಾರು 12 ವರ್ಷ ಅವರು ತಮ್ಮ ದೇಶದ ಬಯಲುಸೀಮೆಯ ಒಂದು ಸಣ್ಣ ಊರಲ್ಲಿ ಹಳ್ಳಿ ಡಾಕ್ಟರಾಗಿದ್ದರು. ದೊಡ್ಡ ಶಸ್ತ್ರಚಿಕಿತ್ಸೆಗಳ ಚರಿತ್ರೆಯಲ್ಲಿ ಇಂಥ ಹಿನ್ನೆಲೆ ಅಪರೂಪ, ಹಾಗಾಗಿ ಹೇಳಿಕೊಳ್ಳಬೇಕೆನಿಸುತ್ತದೆ. ಭಾರತದಲ್ಲಿ ಮೊದಲ ಬೈಪಾಸ್ ಆದದ್ದು 1975ರಲ್ಲಿ, ಮದ್ರಾಸಿನ ಪೆರಂಬೂರ್ ರೈಲ್ವೆ ಆಸ್ಪತ್ರೆಯಲ್ಲಿ, ಮಾಡಿದವರು ಡಾ. ಕೆ.ಎಂ. ಚೆರಿಯನ್.

ನಾಳ ಹೊಲಿಯುವ ಮೊದಲು ಹೃದಯವನ್ನು ಮುಟ್ಟಬೇಕಲ್ಲ? ಅದಕ್ಕೆ ಎದೆಯ ನಡುಮೂಳೆಯನ್ನು ಮೇಲಿಂದ ಕೆಳತನಕ ಗರಗಸದಿಂದ ಸೀಳುತ್ತಾರೆ. ಕೆಲಸ ಮುಗಿದ ಮೇಲೆ ಎರಡು ಹೋಳನ್ನೂ ಕೂಡಿಸಿ ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ತಂತಿ ಜೀವನಪೂರ್ತಿ ಒಳಗೇ ಇರುತ್ತದೆ. ಮುರಿದ ಕೈಗೆ ಪಟ್ಟಿ ಹಾಕಿ ಅಲುಗದಂತೆ ಇಡಬಹುದು. ಎದೆಗೆ ಹಾಗೆ ಇಡಲು ಬರುವುದಿಲ್ಲ, ಉಸಿರಾಡಲೇಬೇಕು, ಕೆಮ್ಮಲೇಬೇಕು. ಆದ್ದರಿಂದಲೇ ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಿ ಎಂದು ಹೇಳಿಕೊಡುತ್ತಾರೆ. ಮೂಳೆ ಮೊದಲ 6ರಿಂದ 8 ವಾರಗಳಲ್ಲಿ ಒಂದು ಹಂತಕ್ಕೆ ಕೂಡುತ್ತದೆ, ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಸಕ್ಕರೆ ಕಾಯಿಲೆ ಇದ್ದವರಿಗೆ, ತಂಬಾಕು ಬಿಡದವರಿಗೆ ಇನ್ನೂ ತಡ. ತಂಬಾಕು ಸುಣ್ಣ ತಿಕ್ಕಿ ಬಾಯಿಗಿಡುವವರೂ ಈ ಲೆಕ್ಕದಲ್ಲಿ ಬರುತ್ತಾರೆಂದು ಒತ್ತಿ ಹೇಳಬೇಕು, ಏಕೆಂದರೆ "ನಾ ಬೀಡಿ ಸೇದಂಗಿಲ್ರಿ" ಎನ್ನುವವರ ಕಿಸೆಯಲ್ಲೂ ತಂಬಾಕಿನ ಚೀಟು ಇರುತ್ತದೆ.

ಇಷ್ಟು ತಿಳಿದರೆ ಮಿಕ್ಕ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಎರಡೂ ಕೈಯನ್ನು ಅಗಲಿಸಿ ದೂಡುವುದು, ತಲೆಯ ಮೇಲಿಂದ ಭಾರ ಇಳಿಸುವುದು, ಒಂದೇ ಕೈಯಲ್ಲಿ ಜಗ್ಗುವುದು, ಬೆನ್ನ ಹಿಂದೆ ಕೈ ಒಯ್ದು ಏಳುವುದು, ಇವೆಲ್ಲ ಮೂಳೆಯ ಎರಡು ಹೋಳನ್ನು ಎರಡು ಕಡೆ ಎಳೆಯುತ್ತವೆ. ಮೊಣಕೈಯನ್ನು ಪಕ್ಕೆಲುಬಿಗೆ ತಾಗಿಸಿಟ್ಟುಕೊಂಡು ಮಾಡುವ ಕೆಲಸ ಅಷ್ಟು ಎಳೆಯುವುದಿಲ್ಲ. ಹಿಂದೆಲ್ಲ "ಎರಡು ಕಿಲೋಕ್ಕಿಂತ ಹೆಚ್ಚು ಎತ್ತಲೇಬೇಡಿ" ಎಂದು ಸಾರಾಸಗಟಾಗಿ ಹೇಳುತ್ತಿದ್ದರು. ಈಗ ಹಲವು ಆಸ್ಪತ್ರೆಗಳು ಭಾರಕ್ಕಿಂತ ಭಂಗಿಗೆ ಹೆಚ್ಚು ಬೆಲೆ ಕೊಡುತ್ತವೆ: ಕೈ ಮೈಗೆ ಹತ್ತಿರವಿರಲಿ, ನೋವು ಎಲ್ಲಿ ಶುರುವಾಗುತ್ತದೋ ಅಲ್ಲಿ ನಿಲ್ಲಿಸಿ. ಈ ಬದಲಾವಣೆ ದುಡಿಯುವ ಜನರ ಪಾಲಿಗೆ ಬಹಳ ದೊಡ್ಡದು. ಮಗ್ಗಕ್ಕೆ ಮರಳುವ ದಾರಿ ಇರುವುದು ಇದರೊಳಗೇ.

ಹಾಯಿದೋಣಿಯವರು ಇದನ್ನು ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡಿದ್ದಾರೆ. ಸುಮ್ಮನೆ ಕೂತಾಗ ಮೈ ಖರ್ಚು ಮಾಡುವ ಶಕ್ತಿಯನ್ನು 1 ಎಂದಿಟ್ಟುಕೊಂಡರೆ, ಹದವಾದ ಗಾಳಿಯಲ್ಲಿ ಹಾಯಿದೋಣಿ ನಡೆಸಲು ಬೇಕಾದದ್ದು ಸುಮಾರು 3. ಮನೆಯ ಮಾಳಿಗೆ ಹತ್ತುವುದಕ್ಕೆ ಅದಕ್ಕಿಂತ ಹೆಚ್ಚು ಬೇಕು. ತೊಂದರೆ ಇರುವುದು ಸರಾಸರಿಯಲ್ಲಲ್ಲ, ನಡುನಡುವೆ ಬರುವ ಜಗ್ಗಾಟದಲ್ಲಿ. ಹಾಯಿ ಏರಿಸುವ ಹಗ್ಗ ಜಗ್ಗುವಾಗ, ಲಂಗರು ಎತ್ತುವಾಗ ಮನುಷ್ಯ ಗೊತ್ತಿಲ್ಲದೆ ದಮ್ಮು ಕಟ್ಟುತ್ತಾನೆ. ದಮ್ಮು ಕಟ್ಟಿ ಜಗ್ಗಿದರೆ ರಕ್ತದೊತ್ತಡ ಒಮ್ಮೆಲೇ ಮೇಲೇರುತ್ತದೆ. ಹಾಗಾಗಿ ಬೈಪಾಸ್ ಆದವರಿಗೆ ಮೊದಲು ಚುಕ್ಕಾಣಿ, ಆಮೇಲೆ ಸಣ್ಣ ಹಗ್ಗ, ಕೊನೆಗೆ ದೊಡ್ಡ ಹಾಯಿ. ಒಂಟಿಯಾಗಿ ಹೋಗುವುದಿಲ್ಲ. ದಂಡೆಯಿಂದ ಬಹಳ ದೂರ ಹೋಗುವುದಿಲ್ಲ. ರಕ್ತ ತೆಳ್ಳಗಾಗಿಸುವ ಮಾತ್ರೆ ತಿನ್ನುವವರಿಗೆ ಸಣ್ಣ ಪೆಟ್ಟೂ ದೊಡ್ಡ ಗಾಯವಾಗಬಹುದಾದ್ದರಿಂದ ತಲೆಯ ಮೇಲೆ ಸರಿದಾಡುವ ಹಾಯಿಮರದ ತೊಲೆಯಿಂದ ದೂರ ಕೂರುತ್ತಾರೆ.

ಇದನ್ನೆಲ್ಲ ಕೃಷ್ಣೆಗೆ ತಂದು ನೋಡಿದರೆ ಹೊಂದುವುದೂ ಇದೆ, ಹೊಂದದ್ದೂ ಇದೆ. ಇಲ್ಲಿ ಹಾಯಿಯಿಲ್ಲ. ಎಂಜಿನ್ ಬೋಟುಗಳಿವೆ, ಹುಟ್ಟು ಹಾಕುವ ದೋಣಿಗಳಿವೆ, ಮೀನುಗಾರರ ಹರಗೋಲುಗಳಿವೆ. ಎಂಜಿನ್ ಇದೆಯಲ್ಲ, ತೋಳಿಗೇನು ಕೆಲಸ ಎಂದುಕೊಳ್ಳುವಂತಿಲ್ಲ. ಹಗ್ಗ ಜಗ್ಗಿ ಅಥವಾ ಹ್ಯಾಂಡಲ್ ತಿರುವಿ ಚಾಲೂ ಮಾಡುವ ಎಂಜಿನ್ ಕೇಳುವುದು ಒಂದೇ ಕೈಯ ಹಠಾತ್ ಜಗ್ಗನ್ನು. ಅದು ಮೂರು ತಿಂಗಳು ಬೇರೆಯವರ ಪಾಲಿಗಿರಲಿ. ಬೋಟು ನಡೆಸುವುದು ಮಾತ್ರ, ಪಕ್ಕದಲ್ಲಿ ಇನ್ನೊಬ್ಬ ಗಟ್ಟಿ ಆಳಿದ್ದರೆ, ಅದಕ್ಕೂ ಮೊದಲೇ ಡಾಕ್ಟರು ಒಪ್ಪಬಹುದಾದ ಕೆಲಸ. ಹರಗೋಲು ಇದಕ್ಕಿಂತ ಕಷ್ಟ. ದುಂಡಗಿನ ಹರಗೋಲಿನಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಹುಟ್ಟನ್ನು ನೀರಿಗಿಳಿಸಿ ತನ್ನ ಕಡೆ ಎಳೆದುಕೊಳ್ಳಬೇಕು; ಮೊಣಕೈ ಮೈಬಿಟ್ಟು ದೂರ ಹೋಗಲೇಬೇಕು. ಬಲೆ ಬೀಸುವುದು ಅದಕ್ಕೂ ಕೆಟ್ಟದ್ದು, ತೋಳು ಭುಜದ ಮೇಲೇರಿ ತಿರುಗುತ್ತದೆ, ಒದ್ದೆ ಬಲೆಯ ಭಾರ ಬೇರೆ.

ಬೋಟಿಗೆ ಹತ್ತುವ ಗಳಿಗೆಯನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ದಂಡೆಯ ರಾಡಿಯಲ್ಲಿ ಒಂದು ಕಾಲು, ಅಲುಗುವ ಬೋಟಿನಲ್ಲಿ ಒಂದು ಕಾಲು, ಮೇಲಿದ್ದವರು ಪ್ರೀತಿಯಿಂದ ಕೈ ಚಾಚಿ "ಬರ್ರಿ ಕಾಕಾ" ಎಂದು ರಟ್ಟೆ ಹಿಡಿದು ಎಳೆಯುತ್ತಾರೆ. ಬೈಪಾಸ್ ಆದವರನ್ನು ಕೈ ಹಿಡಿದು ಎಳೆಯಬಾರದು. ಹಲಗೆ ಹಾಕಿ ನಡೆದು ಹತ್ತುವಂತೆ ಮಾಡಬೇಕು, ಬೀಳದಂತೆ ಸೊಂಟಕ್ಕೆ ಆಸರೆ ಕೊಡಬೇಕು. ಪ್ರಯಾಣಿಕರಾಗಿ ನದಿ ದಾಟುವ ಹೃದಯ ರೋಗಿಗಳಿಗೂ ಈ ಮಾತು ಸಲ್ಲುತ್ತದೆ. ಇನ್ನು ಲೈಫ್ ಜಾಕೆಟ್: ಬೈಪಾಸ್ ಆದವರಿಗೆ ಅದು ಕಡ್ಡಾಯ. ನೀರಿಗೆ ಬಿದ್ದರೆ ಈಜು ಬಲ್ಲವನೂ ಮೊದಲ ತಿಂಗಳುಗಳಲ್ಲಿ ತೋಳು ಬೀಸಿ ಈಜಲಾರ. ಆಷಾಢ ಶ್ರಾವಣದಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಕೃಷ್ಣೆ ಕೆಂಪಗೆ ತಿರುಗಿದಾಗ, 2005ರಲ್ಲೂ 2019ರಲ್ಲೂ ಕಂಡಂಥ ಮಹಾಪೂರದ ಹೊತ್ತಿನಲ್ಲಿ, ಗಟ್ಟಿಮುಟ್ಟಾದವರೇ ನೀರಿಗಿಳಿಯಬಾರದು. ನದಿ ಶಾಂತವಾಗಿರುವ ಚಳಿಗಾಲವೇ ಮರಳಿ ನೀರಿಗಿಳಿಯಲು ಒಳ್ಳೆಯ ಕಾಲ.

ಮಗ್ಗಕ್ಕೆ ಬರೋಣ. ಕೈಮಗ್ಗದ ನೇಕಾರ ಬಲಗೈಯಲ್ಲಿ ಹಗ್ಗದ ಹಿಡಿ ಜಗ್ಗಿದಾಗ ಲಾಳಿ ಹಾಸಿನೊಳಗೆ ಆಚೆಯಿಂದೀಚೆಗೆ ಹಾಯುತ್ತದೆ. ಎಡಗೈ ಹಣಿಗೆಯನ್ನು ಎದೆಯ ಕಡೆ ಎಳೆದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಕಾಲು ತುಳಿಯುತ್ತಿರುತ್ತದೆ. ಒಂದೊಂದು ಜಗ್ಗಿಗೂ ಬೇಕಾದ ಬಲ ಸಣ್ಣದು, ಆದರೆ ಅಂಥ ಜಗ್ಗುಗಳು ದಿನಕ್ಕೆ ಸಾವಿರಾರು. ಇಲ್ಲಿ ಗಮನಿಸಬೇಕಾದ ಒಳ್ಳೆಯ ಸಂಗತಿಯೆಂದರೆ ಪಳಗಿದ ನೇಕಾರನ ಮೊಣಕೈ ಬಹುಪಾಲು ಪಕ್ಕೆಗೆ ಹತ್ತಿರವೇ ಇರುತ್ತದೆ. ಅಂದರೆ ಮೂಳೆ ಕೂಡಿದ ಮೇಲೆ ನೇಯುವುದಕ್ಕಿಂತ ಹೆಚ್ಚಿನ ಅಪಾಯ ಕುಣಿಯಿಂದ ಏಳುವುದರಲ್ಲಿದೆ. ಕುಣಿಯ ಒಳಬದಿಗೆ ಕಾಲಿಡಲು ಒಂದು ಮೆಟ್ಟಿಲು ಕಟ್ಟಿದರೆ ಏಳುವ ಭಾರ ತೋಳಿನಿಂದ ತೊಡೆಗೆ ಹೋಗುತ್ತದೆ. ನಾಲ್ಕು ಇಟ್ಟಿಗೆಯ ಕೆಲಸ. ಬೆಂಚಿನ ಮೇಲೆ ಕೂತು ನೇಯುವ ಚೌಕಟ್ಟಿನ ಮಗ್ಗ ಸಿಕ್ಕರೆ ಇನ್ನೂ ಒಳ್ಳೆಯದು.

ಪವರ್‌ಲೂಮಿನ ಕೆಲಸದಲ್ಲಿ ಜಗ್ಗುವುದು ಕಡಿಮೆ, ನಿಲ್ಲುವುದು ಹೆಚ್ಚು. ಕಡಿದ ಎಳೆ ಹುಡುಕಿ ಗಂಟು ಹಾಕುತ್ತಾ, ಲಾಳಿಯೊಳಗಿನ ನೂಲಿನ ಕಂಡಿಕಿ ಬದಲಿಸುತ್ತಾ ಮಗ್ಗಗಳ ನಡುವೆ ಇಡೀ ಪಾಳಿ ಓಡಾಡಬೇಕು. ಕಾಲಿನ ನಾಳ ತೆಗೆದ ಕಡೆ ಬಾವು ಬರುವುದು ಸಾಮಾನ್ಯ, ತಾಸುಗಟ್ಟಲೆ ನಿಂತರೆ ಅದು ಹೆಚ್ಚುತ್ತದೆ. ಹಾಸು ಸುತ್ತಿದ ಬೀಮು ಹೊರುವ ಕೆಲಸಕ್ಕೆ ಬೈಪಾಸ್ ಆದವರನ್ನು ಕರೆಯಲೇಬಾರದು. ಅದು ಇಬ್ಬರು ಮೂವರು ಗಟ್ಟಿಗರು ಸೇರಿ ಎತ್ತುವಂಥದ್ದು. ತಗಡಿನ ಶೆಡ್ಡಿನೊಳಗಿನ ಏಪ್ರಿಲ್ ಮೇ ತಿಂಗಳ ಧಗೆಯೂ ಕಡಿಮೆಯದಲ್ಲ. ರಕ್ತದೊತ್ತಡ ಇಳಿಸುವ, ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ ತಿನ್ನುವವರು ಆ ಧಗೆಯಲ್ಲಿ ಥಟ್ಟನೆ ಎದ್ದರೆ ಕಣ್ಣು ಕತ್ತಲೆಗಟ್ಟುತ್ತದೆ. ಓಡುತ್ತಿರುವ ಮಗ್ಗದ ಪಕ್ಕದಲ್ಲಿ ಹಾಗಾಗುವುದು ಎಂಥ ಅಪಾಯ ಎಂದು ಶೆಡ್ಡಿನವರಿಗೆ ಹೇಳಿಕೊಡಬೇಕಿಲ್ಲ. ರಾತ್ರಿ ಪಾಳಿಯನ್ನು ಕೆಲವು ತಿಂಗಳಾದರೂ ಬಿಡಿಸಬೇಕು.

ಕೆಲಸಕ್ಕೆ ಮರಳುವ ಮೊದಲ ಮೆಟ್ಟಿಲು ನೇಕಾರರ ಮನೆಗಳಲ್ಲಿ ಆಗಲೇ ಇದೆ: ರಾಟಿ. ಕೂತಲ್ಲೇ, ಮೊಣಕೈ ಮೈಗೆ ತಾಗಿಸಿ, ನಿಧಾನಕ್ಕೆ ಕಂಡಿಕಿ ಸುತ್ತುವುದು ತೋಳಿಗೆ ಹದವಾದ ಕೆಲಸ. ನಿಲ್ಲಿಸಬೇಕೆನಿಸಿದಾಗ ನಿಲ್ಲಿಸಬಹುದು. ಮನುಷ್ಯನಿಗೆ ತಾನು ಮತ್ತೆ ಮನೆಯ ದುಡಿಮೆಯೊಳಗೆ ಬಂದೆ ಎಂಬ ಧೈರ್ಯ ಬರುತ್ತದೆ. ಆ ಧೈರ್ಯ ಸಣ್ಣ ಔಷಧವಲ್ಲ. ಬೈಪಾಸ್ ನಂತರ ಹಲವರ ಮನಸ್ಸು ಕುಗ್ಗುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಎದೆಯಲ್ಲಿ ಚುಳ್ ಎಂದಾಗಲೆಲ್ಲ ಮತ್ತೆ ಬಂತೇನೋ ಎಂಬ ಭಯ. ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ.

ರಾಟಿ ಎಂದಾಗ ಹೆಣ್ಣುಮಕ್ಕಳು ನೆನಪಾಗಬೇಕು, ಏಕೆಂದರೆ ಈ ಊರುಗಳಲ್ಲಿ ರಾಟಿಯ ಮುಂದೆ ಕೂತವರು ಬಹುಮಟ್ಟಿಗೆ ಅವರೇ. ಹೆಣ್ಣುಮಗಳಿಗೆ ಬೈಪಾಸ್ ಆದರೆ "ಆರಾಮ ಕೂಡು" ಎನ್ನುವ ಮಾತು ಬಹಳ ದಿನ ನಡೆಯುವುದಿಲ್ಲ. ಜೋಳದ ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ನೀರಿನ ಕೊಡ ಸೊಂಟಕ್ಕೇರಿಸುವುದು, ಒದ್ದೆ ಪತ್ತಲ ಹಿಂಡುವುದು, ಇವು ಯಾವುದೂ ಕೆಲಸದ ಪಟ್ಟಿಯಲ್ಲಿ ಬರುವುದೇ ಇಲ್ಲ. ಹಿಟ್ಟು ನಾದುವಾಗ ಎರಡೂ ಅಂಗೈಗೆ ಮೈಭಾರ ಹಾಕಿ ಒತ್ತುತ್ತಾರೆ. ಎದೆಮೂಳೆಯ ಲೆಕ್ಕದಲ್ಲಿ ಅದು ಕುಣಿಯಿಂದ ಕೈಯೂರಿ ಏಳುವುದರ ಜಾತಿಗೇ ಸೇರಿದ್ದು. ಕೊಡ ಎತ್ತುವುದು ಬೀಮು ಎತ್ತುವುದಕ್ಕಿಂತ ಹಗುರವಿರಬಹುದು, ಮೂರು ತಿಂಗಳ ಒಳಗಿನ ಎದೆಗೆ ಎರಡೂ ಬೇಡ. ಹೃದಯ ಚಿಕಿತ್ಸೆಯ ನಂತರದ ವ್ಯಾಯಾಮ ತರಬೇತಿಗೆ ಹೆಂಗಸರನ್ನು ಕಳಿಸುವುದು ಕಡಿಮೆ ಎಂಬುದು ಜಗತ್ತಿನ ಎಷ್ಟೋ ದೇಶಗಳಲ್ಲಿ ಕಂಡುಬಂದಿರುವ ಸಂಗತಿ. ನಮ್ಮಲ್ಲಂತೂ ಅವರನ್ನು ಕೇಳುವವರೇ ಇಲ್ಲ.

ಬೇಗ ಮರಳಿದವರ ಸಾಹಸದ ಕಥೆಗಳು ಜನಕ್ಕೆ ಬೇಗ ಮುಟ್ಟುತ್ತವೆ. ಇಂಗ್ಲೆಂಡಿನ ರನಲ್ಫ್ ಫೈನ್ಸ್ ಎಂಬ ಸಾಹಸಿಗೆ 2003ರ ಜೂನಿನಲ್ಲಿ ವಿಮಾನದೊಳಗೆ ಹೃದಯಾಘಾತವಾಯಿತು, ಎರಡು ಬೈಪಾಸ್ ಹಾಕಿದರು. ನಾಲ್ಕು ತಿಂಗಳ ನಂತರ ಅವರು ಏಳು ದಿನದಲ್ಲಿ ಬೇರೆ ಬೇರೆ ಖಂಡಗಳಲ್ಲಿ ಏಳು ಮ್ಯಾರಥಾನ್ ಓಡಿದರು. 2009ರಲ್ಲಿ, 65ನೇ ವಯಸ್ಸಿನಲ್ಲಿ, ಎವರೆಸ್ಟ್ ಹತ್ತಿದರು. ಕೇಳಲು ರೋಮಾಂಚನ. ಆದರೆ ನಾಡಿಮಿಡಿತ ನಿಮಿಷಕ್ಕೆ 130 ದಾಟಬಾರದೆಂದು ವೈದ್ಯರು ಅವರಿಗೆ ಹೇಳಿದ್ದರು, ಜೊತೆಗೆ ಓಡಿದ ಗೆಳೆಯ ಮೈಕ್ ಸ್ಟ್ರೌಡ್ ಸ್ವತಃ ವೈದ್ಯ. ಇದನ್ನು ಬಿಟ್ಟು ಬರೀ ಮ್ಯಾರಥಾನಿನ ಕಥೆ ಹೇಳಿದರೆ ಅನ್ಯಾಯ.

ಅದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಡಾ. ಮನಮೋಹನ್ ಸಿಂಗ್. 1990ರಲ್ಲಿ ಅವರಿಗೆ ಮೊದಲ ಬೈಪಾಸ್ ಆಯಿತು. ಮರುವರ್ಷವೇ ಹಣಕಾಸು ಮಂತ್ರಿಯಾಗಿ ದೇಶದ ಆರ್ಥಿಕತೆಯ ದಿಕ್ಕು ಬದಲಿಸಿದರು. 2009ರ ಜನವರಿಯಲ್ಲಿ, ಪ್ರಧಾನಿಯಾಗಿದ್ದಾಗ, ದೆಹಲಿಯ ಏಮ್ಸ್‌ನಲ್ಲಿ ಎರಡನೇ ಸಲ ಬೈಪಾಸ್ ಆಯಿತು, ಐದು ನಾಳ ಹೊಲಿದರು. ಮೇ ತಿಂಗಳಲ್ಲಿ ಮತ್ತೆ ಪ್ರಮಾಣವಚನ ಸ್ವೀಕರಿಸಿದರು. ಎರಡನೇ ಸಲ ಯಾಕೆ ಬೇಕಾಯಿತು ಎಂಬುದರಲ್ಲೂ ತಿಳಿಯಬೇಕಾದ್ದಿದೆ. ಹೊಸದಾಗಿ ಹಾಕಿದ ನಾಳವೂ ಹಳೆಯದಾಗುತ್ತದೆ. ಕಾಲಿನಿಂದ ತೆಗೆದ ನಾಳಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷದ ಹೊತ್ತಿಗೆ ಕಟ್ಟಿಕೊಳ್ಳುತ್ತವೆ. ಎದೆಯೊಳಗಿನ ಅಪಧಮನಿ ಹೆಚ್ಚು ಬಾಳುತ್ತದೆ, ಹತ್ತು ವರ್ಷವಾದರೂ ಹತ್ತರಲ್ಲಿ ಒಂಬತ್ತು ಚಾಲ್ತಿಯಲ್ಲಿರುತ್ತವೆ. ಆಪರೇಷನ್ ಆಯ್ತು, ಇನ್ನು ಗುಳಿಗೆ ಯಾಕೆ ಎಂದು ಆರು ತಿಂಗಳಿಗೆ ಮಾತ್ರೆ ಬಿಡುವವರು ಇದನ್ನು ಕೇಳಿಸಿಕೊಳ್ಳಬೇಕು. ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಮಾತ್ರೆಗಳು ಆ ನಾಳಗಳನ್ನು ಕಾಯುವುದಕ್ಕೇ ಇರುವುದು.

ಕರ್ನಾಟಕದಲ್ಲಿ ಆಸ್ಪತ್ರೆಗೆ ಹೋಗುವ ದಾರಿ ಹಿಂದಿಗಿಂತ ಸಲೀಸಾಗಿದೆ ಎಂಬುದನ್ನು ಮನಸಾರೆ ಒಪ್ಪಬೇಕು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಕೈಗೆಟುಕಿಸಿತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡಿನ ಮೇಲೆ ಬೈಪಾಸ್ ಆಗುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆ, ಹೃದಯಾಘಾತವಾದಾಗ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗೆ ತಂದಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಕಡೆಯವರು ಈಗಲೂ ದೊಡ್ಡ ಕಾಯಿಲೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೆ ಹೋಗುತ್ತಾರೆ. ಅದಕ್ಕೂ ಹಳೆಯ ರೂಢಿ ಮೀರಜಿಗೆ ಹೋಗುವುದು. ಅಲ್ಲಿ ವಿಲಿಯಂ ವಾನ್ಲೆಸ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯ ಹೆಸರು ಈ ಭಾಗದ ಅಜ್ಜ ಅಜ್ಜಿಯರ ಬಾಯಲ್ಲಿತ್ತು.

ಆಸ್ಪತ್ರೆಯಿಂದ ಕೆಲಸಕ್ಕೆ ವಾಪಸಾಗುವ ದಾರಿಯ ಮೇಲೆ ಮಾತ್ರ ಯಾರೂ ಕಲ್ಲು ನೆಟ್ಟಿಲ್ಲ. ಹೊಲಿಗೆ ಬಿಚ್ಚಲು, ಎಕೋ ಮಾಡಿಸಲು ಮತ್ತೆ ಬರಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಹೃದಯ ಪುನಶ್ಚೇತನ ಎಂಬ ಚಿಕಿತ್ಸೆ ಇದೆ. ವಾರಕ್ಕೆ ಕೆಲವು ದಿನ ಫಿಸಿಯೋಥೆರಪಿಯವರ ಕಣ್ಣೆದುರು ನಡೆಯುವುದು, ನಿಧಾನವಾಗಿ ತೋಳಿನ ಬಲ ಹೆಚ್ಚಿಸುವುದು, ಊಟದ ಸಲಹೆ, ಮನಸ್ಸಿಗೆ ಧೈರ್ಯ. ಇದು ಹೃದ್ರೋಗದ ಸಾವನ್ನೂ ಮತ್ತೆ ಆಸ್ಪತ್ರೆ ಸೇರುವುದನ್ನೂ ಕಡಿಮೆ ಮಾಡುತ್ತದೆಂದು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಗಳು ಹೇಳಿವೆ. ದೊಡ್ಡ ಯಂತ್ರಗಳು ಬೇಕೆಂದೇನೂ ಇಲ್ಲ. ಡಾ. ದೊರೈರಾಜ್ ಪ್ರಭಾಕರನ್ ಮುಂದಾಳತ್ವದಲ್ಲಿ ಭಾರತದ 24 ಆಸ್ಪತ್ರೆಗಳಲ್ಲಿ, ಹೃದಯಾಘಾತವಾದ ಸುಮಾರು 4000 ಜನರ ಮೇಲೆ ನಡೆದ ‘ಯೋಗ ಕೇರ್’ ಅಧ್ಯಯನದಲ್ಲಿ ಯೋಗವನ್ನೇ ಪುನಶ್ಚೇತನಕ್ಕೆ ಬಳಸಿದರು. ಸಾವು, ಮರು ಆಘಾತಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಆದರೆ ಯೋಗ ಮಾಡಿದವರು ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಅಧ್ಯಯನ ಬೈಪಾಸ್ ಆದವರ ಮೇಲೆ ನಡೆದದ್ದಲ್ಲ, ಎದೆ ಕೊಯ್ದವರಿಗೆ ಎಲ್ಲ ಆಸನಗಳೂ ಸಲ್ಲುವುದಿಲ್ಲ. ಆದರೂ ಒಂದು ಕೋಣೆ, ಒಂದು ಜಮಖಾನೆ, ಒಬ್ಬ ತರಬೇತಾದ ಮನುಷ್ಯ ಇದ್ದರೆ ತಾಲ್ಲೂಕು ಮಟ್ಟದಲ್ಲೇ ಕೆಲಸ ಶುರುವಾಗಬಲ್ಲದು ಎಂಬುದಕ್ಕೆ ಅದೊಂದು ಭರವಸೆ.

ದುಡ್ಡಿನ ಮಾತೂ ಇದೆ. ಮೂರು ತಿಂಗಳು ಮಗ್ಗ ನಿಂತರೆ ಮನೆ ನಡೆಯುವುದು ಹೇಗೆ? ನೇಕಾರ ಸಮ್ಮಾನ್ ಯೋಜನೆಯಡಿ ಕೈಮಗ್ಗದವರಿಗೆ ವರ್ಷಕ್ಕೆ 5000 ರೂಪಾಯಿ ಬರುತ್ತದೆ. ಅದು ಮೂರು ತಿಂಗಳ ಕೂಲಿಯ ಜಾಗ ತುಂಬಲಾರದು. ಸಹಕಾರ ಸಂಘಗಳು ಬೈಪಾಸ್ ಆದ ಸದಸ್ಯರಿಗೆ 12 ವಾರದ ಕೂಲಿಯನ್ನು ಸಾಲವಾಗಿಯಾದರೂ ಕೊಟ್ಟರೆ, ನಾಲ್ಕನೇ ವಾರಕ್ಕೆ ಮಗ್ಗ ಹತ್ತುವ ಅನಿವಾರ್ಯ ತಪ್ಪುತ್ತದೆ. ಶಸ್ತ್ರಚಿಕಿತ್ಸೆಗೆ ಸರಕಾರ ಸುರಿದ ಹಣವೂ ಉಳಿಯುತ್ತದೆ.

ಅಲ್ಲಿಯವರೆಗೆ ಕೈಗೆಟುಕುವ ಸುಧಾರಣೆ ಒಂದು ಕಾಗದದ್ದು. ಡಿಸ್ಚಾರ್ಜ್ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಔಷಧದ ಅಂಗಡಿಯವರ ಹೊರತು ಅದನ್ನು ಓದುವವರಿಲ್ಲ. ಅದರ ಜೊತೆ ಕನ್ನಡದಲ್ಲಿ ಇನ್ನೊಂದು ಹಾಳೆ ಇರಲಿ. ಮೇಲ್ಗಡೆ ರೋಗಿಯ ಕಸುಬು ಬರೆಯಲು ಜಾಗ: ಕೈಮಗ್ಗ, ಪವರ್‌ಲೂಮ್, ರಾಟಿ, ಬೋಟು, ಮೀನುಗಾರಿಕೆ, ಕಬ್ಬಿನ ಹೊಲ, ಅಡುಗೆಮನೆ. ಕೆಳಗೆ ವಾರಗಳು. ಮೊದಲ ಆರು ವಾರ ಬೆಳಿಗ್ಗೆ ಸಂಜೆ ನಡಿಗೆ, ಮಾತಾಡುತ್ತ ನಡೆಯಲು ಆಗುವಷ್ಟೇ ವೇಗ; ನಾಡಿ ಎಣಿಸಿ ನೋಡಿದರೆ ಸಾಲದು, ಕೆಲವು ಮಾತ್ರೆಗಳು ನಾಡಿಯನ್ನು ತಡೆದು ಹಿಡಿಯುತ್ತವೆ. ಬೈಕು, ಸೈಕಲ್ಲು ಬೇಡ. ಆರನೇ ವಾರದ ತಪಾಸಣೆಯಲ್ಲಿ ಮೂಳೆ ಕೂಡಿದೆ ಎಂದರೆ ರಾಟಿ, ಚುಕ್ಕಾಣಿ, ಲೆಕ್ಕಪತ್ರ. ಹನ್ನೆರಡನೇ ವಾರದ ನಂತರ ಮಗ್ಗ, ಮೊದಲು ಅರ್ಧ ಪಾಳಿ. ಹುಟ್ಟು ಹಿಡಿಯುವುದಾದರೆ ನಿಂತ ನೀರಿನಲ್ಲಿ, ಜೋಡಿಯಾಗಿ. ಎದೆಮೂಳೆ ಕಟಕಟ ಎಂದರೆ, ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ, ಸಮನೆಲದಲ್ಲಿ ನಡೆದರೂ ಏದುಸಿರಾದರೆ ಅದೇ ದಿನ ಆಸ್ಪತ್ರೆಗೆ. ಹೃದಯದ ಪಂಪು ಬಲ ಕಳೆದುಕೊಂಡವರಿಗೆ, ಬಡಿತ ತಾಳ ತಪ್ಪಿದವರಿಗೆ ಈ ವಾರಗಳ ಲೆಕ್ಕ ಹೊಂದದು, ಅವರ ಹಾಳೆಯನ್ನು ಡಾಕ್ಟರೇ ಬೇರೆ ಬರೆಯಬೇಕು. ಹಾಳೆಯ ತುದಿಗೆ ಮನೆಯವರಿಗೊಂದು ಸಾಲು: ಎಬ್ಬಿಸುವಾಗ ಕೈ ಹಿಡಿದು ಎಳೆಯಬೇಡಿ, ಬೆನ್ನಿಗೆ ಆಸರೆ ಕೊಡಿ.